ನಾಲ್ಕು ಬೆರಳಗಲ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ ಹೊಲಿಗೆ ಯಂತ್ರ ಆಗಲೇ ಸದ್ದು ಮಾಡುತ್ತಿದೆ. ಅದರ ಮುಂದೆ ಕೂತವರನ್ನು ಎಲ್ಲರೂ ಕರೆಯುವುದು ಸೂಜಿಯಕ್ಕ ಎಂದೇ. ವಯಸ್ಸು ಐವತ್ತೆಂಟು, ಕನ್ನಡಕ ಮೂಗಿನ ತುದಿಯಲ್ಲಿ, ಮಾಸ್ಕು ಗಲ್ಲದಲ್ಲಿ. ಬಾಗಿಲು ಕಿರ್ರೆಂದರೆ ಮಾತ್ರ ಮಾಸ್ಕು ಮೇಲೇರುತ್ತದೆ.

ಒಗೆದು ಬಂದ ಇನ್ನೂರು ಬೆಡ್‌ಶೀಟುಗಳನ್ನು ದಿನವೂ ಬೆಳಕಿಗೆ ಹಿಡಿದು, ಹರಿದದ್ದನ್ನು ಹೊಲಿಯುವುದು ಅವರ ಇಪ್ಪತ್ತೆರಡು ವರ್ಷದ ಕೆಲಸ. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದೂ ಇದೇ ಯಂತ್ರ.

ಸೋಂಕು ಹಬ್ಬಿದ ಮೊದಲ ತಿಂಗಳು, ಸೋಂಕಿತ ಹೆಂಗಸರನ್ನು ಪ್ರತ್ಯೇಕವಾಗಿಟ್ಟ ವಾರ್ಡಿನ ಬೆಡ್‌ಶೀಟುಗಳು ಅಂಚು ಹರಿದು ಬರತೊಡಗಿದವು. ಸೂಜಿಯಕ್ಕನ ಸಿಟ್ಟು ನೆತ್ತಿಗೇರಿತು. ನೇರ ಮೇಟ್ರನ್ ಬಳಿ ಹೋಗಿ ದೂರು ಕೊಟ್ಟರು. ಹರಿದವರಿಗೆ ಎರಡನೆಯ ಬೆಡ್‌ಶೀಟು ಕೊಡಬೇಡಿ ಎಂದು ವಾರ್ಡಿಗೆ ಅಪ್ಪಣೆಯೂ ಹೋಯಿತು.

ದೂರು ಕೊಟ್ಟ ನಾಲ್ಕನೆಯ ದಿನ ತೇಪೆ ಹಾಕಲು ಕೂತರು. ಟೇಪು ಸಿಗದೆ ಕೈಯಿಟ್ಟು ಅಳೆದರೆ, ಹರಿದದ್ದೆಲ್ಲವೂ ನಾಲ್ಕು ಬೆರಳಗಲ. ಕೂಡಲೇ ವಾರ್ಡಿಗೆ ಫೋನ್ ಮಾಡಿ ವಿಚಾರಿಸಿದರು.

"ಚಿಕ್ಕವಳಿದ್ದಾಗ ಮುಟ್ಟಾದ್ರೆ ಅಮ್ಮ ನಂಗೂ ಹೀಗೇ ನಾಲ್ಕು ಬೆರಳಿಟ್ಟು ಹಳೇ ಬಟ್ಟೆ ಹರಿದು ಕೊಡ್ತಿದ್ರು. ನಂದು ನಿಂತು ಏಳು ವರ್ಷ ಆಯ್ತಲ್ಲ, ಮರೆತೇಬಿಟ್ಟಿದ್ದೆ. ಹೆಣ್ಣಾಗಿ ನಾನೇ ಮರೆತ್ರೆ ಇನ್ಯಾರನ್ನ ಬೈಲಿ?" ಎಂದು ಈಗ ನೆನೆಯುತ್ತಾ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸುತ್ತಾರೆ.

ರೋಗಿಗಳಿಗೆ ಕೊಡುವ ಚೀಲದಲ್ಲಿ ಸೋಪು, ಬ್ರಷ್ಷು, ಬಾಚಣಿಗೆ ಎಲ್ಲ ಇದ್ದವು, ಪ್ಯಾಡ್ ಒಂದು ಬಿಟ್ಟು. ಅಂಗಡಿಗಳು ಮುಚ್ಚಿದ್ದವು, ಮನೆಯವರು ಹತ್ತಿರ ಸುಳಿಯುವಂತಿರಲಿಲ್ಲ. ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡು ಬರುವ ನರ್ಸು ಗಂಡೋ ಹೆಣ್ಣೋ ತಿಳಿಯದೆ ಕೇಳಲು ನಾಚಿಕೆ. ಒಬ್ಬ ಹುಡುಗಿಯಂತೂ ಶೌಚಕ್ಕೆಂದು ಹಾಸಿಗೆ ಬಿಟ್ಟು ಎದ್ದರೆ ಕಲೆ ಕಂಡೀತೆಂದು ಹೆದರಿ, ಸುಡುವ ಜ್ವರದಲ್ಲೂ ಎರಡು ದಿನ ನೀರೇ ಮುಟ್ಟಿರಲಿಲ್ಲ.

ಸೂಜಿಯಕ್ಕ ಅಂದೇ ಮೇಟ್ರನ್ ಮುಂದೆ ನಿಂತು ತಪ್ಪು ತಮ್ಮದೆಂದು ಒಪ್ಪಿಕೊಂಡು ದೂರು ವಾಪಸು ಪಡೆದರು. ಸವೆದ ಬೆಡ್‌ಶೀಟುಗಳನ್ನು ಕುದಿಸಿ, ಬಿಸಿಲಿಗೆ ಒಣಗಿಸಿ, ಮರುದಿನ ಸಂಜೆಯೊಳಗೆ ಅರವತ್ತು ಪ್ಯಾಡ್ ಹೊಲಿದರು. ಅಂದಿನಿಂದ ಹೆಂಗಸರ ಪ್ರತಿ ಚೀಲದಲ್ಲೂ ಹನ್ನೆರಡು. "ಕೇಳಿದ್ರೆ ಕೊಡ್ತೀವಿ ಅಂದ್ರೆ ಯಾರೂ ಕೇಳಲ್ಲ. ಮೊದಲೇ ಇಟ್ಬಿಡಬೇಕು."

ನೀರು ಕುಡಿಯುವುದನ್ನೇ ಬಿಟ್ಟಿದ್ದ ಹುಡುಗಿ ಗುಣವಾಗಿ, ತನ್ನ ಕಾಲ ಮೇಲೆ ನಡೆದೇ ಮನೆಗೆ ಹೋದಳು. ಈಗ ವಾರ್ಡಿನಲ್ಲಿ ಉಳಿದವರು ಐದೇ ಮಂದಿ. ಅಲ್ಲಿಂದ ಬಂದ ಬೆಡ್‌ಶೀಟನ್ನು ಬೆಳಕಿಗೆ ಹಿಡಿದ ಸೂಜಿಯಕ್ಕ, ನಾಲ್ಕೂ ಅಂಚು ಬೆರಳಾಡಿಸಿ ನೋಡಿ ಮಡಿಸಿಡುತ್ತಾರೆ.

"ಹೊಲಿಯೋಕೆ ಏನೂ ಇಲ್ಲ ನೋಡಿ. ಇಪ್ಪತ್ತೆರಡು ವರ್ಷದಲ್ಲಿ ಕೆಲಸ ಸಿಗ್ಲಿಲ್ಲ ಅಂತ ಖುಷಿ ಆಗಿರೋದು ಇದೇ ಮೊದ್ಲು."