ಬಾವಿ ಸಿನಿಮಾದ ಆಕಳು

ದೆವ್ವದ ಸಿನಿಮಾದ ವಿಷಯದಲ್ಲಿ ನಮ್ಮ ಓಣಿಯಲ್ಲಿ ನನ್ನ ಮಾತೇ ಕೊನೆ. ನಾನು ಓದಿದ್ದು ಮೂರನೇ ಕ್ಲಾಸು. ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಆದರೆ ಹುಡುಗಿಯಾಗಿದ್ದಾಗ ದೇವದುರ್ಗದ ಟೆಂಟಿನಲ್ಲಿ ನೆಲದ ಮೇಲೆ ಕುಳಿತು ನೋಡಿದ್ದರಿಂದ ಹಿಡಿದು ಈಗ ಮೊಮ್ಮಗಳ ಮೊಬೈಲಿನಲ್ಲಿ ನೋಡುವವರೆಗೆ ಲೆಕ್ಕ ಹಾಕಿದರೆ, ನಾನು ನೋಡಿದಷ್ಟು ದೆವ್ವಗಳನ್ನು ಮಂತ್ರವಾದಿಗಳೂ ನೋಡಿರಲಿಕ್ಕಿಲ್ಲ.

ಒಳ್ಳೆಯ ದೆವ್ವದ ಸಿನಿಮಾ ಹೇಗಿರಬೇಕು ಎಂದು ನನ್ನನ್ನು ಕೇಳಿ. ಇಂಟರ್ವಲ್ ತನಕ ದೆವ್ವದ ಮುಖ ಕಾಣಬಾರದು. ಕಾಲು ಕಾಣಲಿ, ಕೂದಲು ಕಾಣಲಿ, ಒದ್ದೆ ಸೀರೆಯ ನೀರು ನೆಲಕ್ಕೆ ತೊಟ್ಟಿಕ್ಕಲಿ, ಸಾಕು. ಒಂದು ಹಾಡು ಇರಬೇಕು, ಹಾಡುವವಳು ಮಾತ್ರ ದೂರ ಇರಬೇಕು. ಈಗಿನ ದೆವ್ವಗಳು ಗೋಡೆ ಹತ್ತಿ ಓಡುತ್ತವೆ, ಮೈಮೇಲೆ ಹಾರುತ್ತವೆ. ದೆವ್ವ ಓಡಬಾರದು. ಓಡುವ ಕೆಲಸ ನಮ್ಮದು. ಹಳೆಯ ದೆವ್ವಗಳಿಗೆ ಅಷ್ಟು ತಿಳಿವಳಿಕೆ ಇತ್ತು, ನಿಂತಲ್ಲಿಯೇ ನಿಂತು ಹೆದರಿಸುತ್ತಿದ್ದವು.

ಇಷ್ಟು ತಿಳಿದವಳು ರಾಯಚೂರಿನಲ್ಲಿ ನೂರಾರು ಜನರ ಎದುರು ನಿಂತು ಏನು ಹೇಳಬೇಕಾಯಿತು ಎಂಬುದನ್ನು ಬರೆಯುತ್ತಿದ್ದೇನೆ. ನಾಚಿಕೆಗಾಗಿ ಅಲ್ಲ, ಸಂತೋಷಕ್ಕೆ. ಎರಡು ವಾರವಾಯಿತು, ಇನ್ನೂ ಆ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ.

ಮೊದಲು ಆ ಸಿನಿಮಾದ ವಿಷಯ ಹೇಳುತ್ತೇನೆ. ದೇವದುರ್ಗದ ಹತ್ತಿರ ಜಾಲಹಳ್ಳಿ ಕಡೆಯ ನನ್ನ ತವರಿನಿಂದ ಮದುವೆಯಾಗಿ ಮಾನ್ವಿಗೆ ಬಂದು ಆರು ತಿಂಗಳಾಗಿತ್ತು. ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಹಮಾಲಿ. ದಿನವೆಲ್ಲ ಚೀಲ ಹೊತ್ತು ಬಂದು, ಮೈತೊಳೆದು, ನನ್ನನ್ನು ಟೆಂಟಿಗೆ ಕರೆದುಕೊಂಡು ಹೋಗುತ್ತಿದ್ದರು. ಸಿನಿಮಾದ ಮೇಲಿನ ಆಸೆಗಲ್ಲ. ಅಲ್ಲಿಯ ಮರಳಿನ ಮೇಲೆ ಕಾಲು ಚಾಚಿ ಮಲಗಲಿಕ್ಕೆ. ಪರದೆಯ ಮೇಲೆ ಹೆಸರುಗಳು ಬಂದು ಹೋಗುವುದರೊಳಗೆ ಅವರ ಗೊರಕೆ ಶುರುವಾಗುತ್ತಿತ್ತು. ಪಕ್ಕದ ಹೆಂಗಸರು ಸೆರಗಿನಿಂದ ಮುಖ ಮುಚ್ಚಿಕೊಂಡು, "ಹೋತೇನವ್ವಾ ದೆವ್ವ, ಹೋತೇನು" ಎಂದು ನನ್ನನ್ನು ಕೇಳುತ್ತಿದ್ದರು. ಕಣ್ಣು ಬಿಟ್ಟು ಕೂತವಳು ನಾನೊಬ್ಬಳೇ.

ಆ ವಾರ ಬಂದದ್ದು ತೆಲುಗು ಸಿನಿಮಾ. ನನಗೆ ಆಗ ತೆಲುಗಿನ ಒಂದು ಮಾತೂ ಬರುತ್ತಿರಲಿಲ್ಲ, ಹೆಸರು ಓದಲಿಕ್ಕೂ ಬರಲಿಲ್ಲ. ಅದರಲ್ಲಿ ಒಂದು ಬಾವಿ ಇತ್ತು, ಅದಕ್ಕೆ ನಾವು ಅದನ್ನು ಬಾವಿ ಸಿನಿಮಾ ಎಂದೆವು. ದೊಡ್ಡ ಮನೆಗೆ ಒಬ್ಬ ಸೊಸೆ ಬರುತ್ತಾಳೆ. ಬಾವಿಗೆ ಬಿದ್ದು ಸಾಯುತ್ತಾಳೆ. ಆಮೇಲೆ ಒದ್ದೆ ಸೀರೆಯಲ್ಲಿ ಮೇಲೆ ಬಂದು ಮನೆಯ ಸುತ್ತ ತಿರುಗುತ್ತ, ಎಳೆದ ದನಿಯಲ್ಲಿ "ಆಕಳಾ, ಆಕಳಾ" ಎನ್ನುತ್ತಾಳೆ. ಅಡಿಗೆಮನೆಗೆ ಬಂದು ಗಡಿಗೆಗಳ ಮುಚ್ಚಳ ಒಂದೊಂದಾಗಿ ತೆಗೆದು ಮೂಸುತ್ತಾಳೆ. ಎಲ್ಲೂ ಸಿಗದೆ ಅಳುತ್ತಾಳೆ.

ಮಾತು ತಿಳಿಯದಿದ್ದರೇನು, ನನಗೆ ಎಲ್ಲ ತಿಳಿದಿತ್ತು. ಪಾಪ, ಆಕೆ ತವರಿನಿಂದ ಆಕಳು ಹೊಡಕೊಂಡು ಬಂದಿದ್ದಳು. ಗಂಡನ ಮನೆಯವರು ಅದನ್ನು ಎಲ್ಲಿಗೋ ಸಾಗಿಸಿಬಿಟ್ಟರು. ಹುಡುಕಲಿಕ್ಕೆ ಹೋದವಳು ಬಾವಿಗೆ ಬಿದ್ದಳು. ಸತ್ತ ಮೇಲೂ ಅದನ್ನೇ ಹುಡುಕುತ್ತಿದ್ದಾಳೆ. ಗಡಿಗೆ ಮೂಸುವುದು ತನ್ನ ಆಕಳ ಹಾಲು ಇಲ್ಲಿ ಯಾರಾದರೂ ಕಾಸಿದ್ದಾರೇನು ಎಂದು ನೋಡಲಿಕ್ಕೆ. ಆ ದಿನ ನಾನು ಅತ್ತ ಹಾಗೆ ಯಾವ ಸಿನಿಮಾಕ್ಕೂ ಅತ್ತಿಲ್ಲ. ಮನೆಯವರು ಎದ್ದು ಕೂತು, "ಹೆದರಿದೇನು" ಎಂದರು. "ಹೆದರಿಕಿ ಅಲ್ರಿ, ಕರುಳು ಚುರ್ ಅಂತು" ಎಂದೆ. "ಹಂಗಾರ ಮಲಗು" ಎಂದು ಅವರು ತಿರುಗಿ ಮಲಗಿದರು.

ಆ ಕಥೆಯನ್ನು ಎಷ್ಟು ಮಂದಿಗೆ ಹೇಳಿದ್ದೇನೆ ಲೆಕ್ಕವಿಲ್ಲ. ಕಲ್ಲೂರಿನ ಹೊಲಗಳಲ್ಲಿ ಹತ್ತಿ ಬಿಡಿಸುವಾಗ ಹೇಳಿದ್ದೇನೆ. ಸಾಲಿನಲ್ಲಿ ಹಿಂದೆ ಬಿದ್ದ ಹೆಂಗಸರು ಕಥೆ ಕೇಳುವ ಸಲುವಾಗಿ ಬೇಗ ಬೇಗ ಬಿಡಿಸಿಕೊಂಡು ನನ್ನ ಪಕ್ಕಕ್ಕೆ ಬರುತ್ತಿದ್ದರು. ಮಗನಿಗೆ ಹೇಳಿದೆ, ಅವನು ಹೆದರಿ ಒಂದು ವರ್ಷ ಬಾವಿ ಕಡೆ ಹೋಗಲಿಲ್ಲ. ಮೊಮ್ಮಗಳಿಗೆ ಹೇಳಿದೆ, ಅವಳು "ಇನ್ನೊಮ್ಮೆ ಹೇಳು" ಎಂದಳು. ಆಗಲೇ ನನಗೆ ಗೊತ್ತಾಯಿತು, ನನ್ನ ಹುಚ್ಚು ಮಗನನ್ನು ದಾಟಿ ಇವಳಿಗೆ ಬಂದಿದೆ ಎಂದು.

ಮೊಮ್ಮಗಳು ಈಗ ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಾಳೆ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ ನಾಲ್ಕು ಜನ ಕೂಡಿದ ಕಡೆ ಬಾಯಿ ಬಿಡುವುದಿಲ್ಲ. ಕಾಲೇಜಿನಲ್ಲಿ ಹೆಸರು ಕೂಗಿದರೆ ಕೈ ಎತ್ತುತ್ತಾಳೆ, ದನಿ ಎತ್ತುವುದಿಲ್ಲ. ಅಂಥವಳು ಒಂದು ದಿನ ಫೋನು ಮಾಡಿ, "ಯವ್ವಾ, ಕಥಿ ಹೇಳೋ ಸ್ಪರ್ಧಾಕ್ಕ ಹೆಸರು ಕೊಟ್ಟೀನಿ" ಎಂದಳು.

"ಯಾರ ಹೆಸರು ಕೊಟ್ಟಿ ಬೇ?"

"ನಂದ. ಮನ್ಯಾಗ ಹಿರ್ಯಾರು ಹೇಳಿದ ಕಥಿನ ಹೇಳ್ಬೇಕಂತ. ಪುಸ್ತಕದ್ದು, ಸಿನಿಮಾದ್ದು ನಡಿಯಂಗಿಲ್ಲಂತ. ಚಲೋ ಹೇಳಿದ ಇಬ್ಬರನ್ನ ಧಾರವಾಡಕ್ಕ ಕಳಸ್ತಾರ. ನಾ ಆಕಳದ್ದು ಹೇಳ್ತೀನಿ."

ಅದು ಸಿನಿಮಾದ್ದು ಎಂಬುದು ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ನಮಗೆ ಅದು ಯಾವಾಗಲೋ ಮನೆಯದಾಗಿಹೋಗಿತ್ತು.

ಸ್ಪರ್ಧೆಯ ದಿನ ಮುಂಜಾನೆ ಬಸ್ಸು ಹಿಡಿದು ರಾಯಚೂರಿಗೆ ಹೋದೆ. ದೊಡ್ಡ ಸಭಾಂಗಣ, ತುಂಬ ಹುಡುಗ ಹುಡುಗಿಯರು, ಮುಂದೆ ಮೇಜಿನ ಹಿಂದೆ ಮೂವರು ತೀರ್ಪುಗಾರರು. ಮೊಮ್ಮಗಳು ವೇದಿಕೆಗೆ ಬಂದಳು. ಮೊದಲ ನಾಲ್ಕು ಮಾತು ಯಾರಿಗೂ ಕೇಳಲಿಲ್ಲ. ಬಾವಿ ಬಂತು ನೋಡಿ, ದನಿ ಏರಿತು. ಒದ್ದೆ ಸೀರೆಯ ಹೆಂಗಸು ಅಡಿಗೆಮನೆಗೆ ಬಂದಳು, ಮುಚ್ಚಳ ತೆಗೆದಳು, "ಆಕಳಾ" ಎಂದಳು. ಹಿಂದಿನ ಸಾಲಿನಲ್ಲಿ ಯಾರದೋ ಸ್ಟೀಲಿನ ಬಾಟಲಿ ಕೆಳಗೆ ಬಿದ್ದು ಕೂತವರೆಲ್ಲ ಬೆಚ್ಚಿಬಿದ್ದರು. ನಾನು ಹೇಳುವುದಕ್ಕಿಂತ ಚೆನ್ನಾಗಿ ಹೇಳಿದಳು. ಇಂಥ ಮಾತು ನಾನು ಸುಮ್ಮನೆ ಆಡುವವಳಲ್ಲ.

ಚಪ್ಪಾಳೆ ನಿಲ್ಲುವ ಮೊದಲೇ ತೀರ್ಪುಗಾರರಲ್ಲಿ ಒಬ್ಬರು, ರಿಟೈರಾದ ಮಾಸ್ತರರು, ಎದ್ದು ನಿಂತರು. "ತಂಗಿ, ಇದು ಹಳೆ ತೆಲುಗು ಸಿನಿಮಾ. ಬಾವಿ, ಒದ್ದಿ ಸೀರಿ, ಗಡಿಗಿ, ಎಲ್ಲ ಅದರಾಗಿಂದ. ಸಿನಿಮಾ ಕಥಿ ನಡಿಯಂಗಿಲ್ಲಂತ ಮೊದಲ ಹೇಳಿದ್ವಿ" ಎಂದರು.

ಮೊಮ್ಮಗಳು ಮೆಟ್ಟಿಲಿಳಿದು ನೇರ ನನ್ನ ಹತ್ತಿರ ಬಂದು, "ನಡಿ ಯವ್ವಾ, ಊರಿಗಿ ಹೋಗೂಣು. ಇನ್ನ ಮ್ಯಾಲ ನಾ ಮಂದ್ಯಾಗ ಬಾಯಿ ತಗಿಯಂಗಿಲ್ಲ" ಎಂದಳು. ಧಾರವಾಡ ಹೋದರೆ ಹೋಗಲಿ. ಈಗಷ್ಟೇ ತೆರೆದ ಬಾಯಿ ಮತ್ತೆ ಮುಚ್ಚಿಕೊಂಡಿತಲ್ಲ. ಅವಳ ಕೈ ಹಿಡಿದುಕೊಂಡು ಆ ಮೇಜಿನ ಮುಂದೆ ಹೋಗಿ ನಿಂತೆ.

"ಮಾಸ್ತರ್ರ, ಈ ಕಥಿ ಇಕಿಗೆ ಹೇಳಿದಾಕಿ ನಾನು."

"ನಿಮಗ ಯಾರು ಹೇಳಿದ್ರು ಯವ್ವಾ?"

ಸುಳ್ಳು ಹೇಳಬಹುದಿತ್ತು. ನಮ್ಮತ್ತೆ ಹೇಳಿದರು ಎಂದರೆ ಮುಗಿಯುತ್ತಿತ್ತು. ಆದರೆ ದೆವ್ವದ ಸಿನಿಮಾದ ವಿಷಯದಲ್ಲಿ ಸುಳ್ಳು ನನ್ನ ಬಾಯಿಗೆ ಬರುವುದಿಲ್ಲ. "ಮಾನ್ವಿ ಟೆಂಟಿನ್ಯಾಗ ನೋಡೀನ್ರಿ" ಎಂದೆ.

"ಮತ್ತ? ನಾನೂ ಅದ ಅಂದೆ. ಆ ಸಿನಿಮಾ ನಾ ನಾಕು ಸಲ ನೋಡೀನಿ."

"ನಾ ಒಂದ ಸಲ ನೋಡೀನಿ, ಆದ್ರ ಕಣ್ಣು ಮುಚ್ಚಿಲ್ಲ" ಎಂದೆ. ಹಿಂದೆ ಹುಡುಗಿಯರು ನಕ್ಕರು. ಮಾಸ್ತರರೂ ನಕ್ಕರು. ಆಗಲೇ ತಿಳಿಯಿತು, ಈ ಮನುಷ್ಯ ನಮ್ಮ ಪೈಕಿಯವನೇ. ದೆವ್ವ ಮೊದಲ ಸಲ ಎಲ್ಲಿ ಕಾಣುತ್ತದೆ ಎಂದು ಅವರು ಕೇಳಿದರು, ಕಲ್ಲಿನ ತೊಟ್ಟಿಯ ನೀರಿನಲ್ಲಿ ನೆರಳಾಗಿ ಎಂದೆ. ಅತ್ತೆಯ ಕೈಯಿಂದ ಏನು ಬೀಳುತ್ತದೆ ಎಂದು ನಾನು ಕೇಳಿದೆ, ಕುಂಕುಮದ ಬಟ್ಟಲು ಎಂದರು. ಎಲ್ಲ ಸರಿಯಾಗಿ ಕೂಡಿಬಂತು. ಕೂಡಿಬಂದಷ್ಟೂ ನನ್ನ ಮೊಮ್ಮಗಳು ಸೋಲುತ್ತಿದ್ದಾಳೆ ಎಂಬುದು ನನಗೆ ತಡವಾಗಿ ಗೊತ್ತಾಯಿತು.

"ಎಲ್ಲ ಖರೆ ಯವ್ವಾ. ಆದ್ರ ನಡುವ ಆ ಆಕಳ ಎಲ್ಲಿಂದ ಬಂತು?" ಎಂದು ಮಾಸ್ತರರು ಕೇಳಿದರು.

"ಎಲ್ಲಿಂದ ಬಂತು ಅಂದ್ರ? ಆಕಿ ಸಿನಿಮಾ ತುಂಬ ಆಕಳಾ ಆಕಳಾ ಅಂತ ಒದರ್ತಾಳಲ್ಲ."

ಮಾಸ್ತರರು ನಿಧಾನಕ್ಕೆ, "ಯವ್ವಾ, ಅದು ಆಕಳ ಅಲ್ಲ. ಆಕಲಿ. ತೆಲುಗಿನ್ಯಾಗ ಆಕಲಿ ಅಂದ್ರ ಹಸಿವು. ಅತ್ತಿ ಆಕಿಗಿ ಕೂಳು ಹಾಕದ ಉಪವಾಸ ಕೆಡವಿ ಬಾವಿಗಿ ನೂಕ್ತಾಳ. ಹಸಗೊಂಡು ಸತ್ತಾಕಿ, ಅದಕ್ಕ ಗಡಿಗಿ ಮೂಸ್ತಾಳ" ಎಂದರು.

ಆಕಲಿ ಎಂದರೆ ಹಸಿವು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆಮೇಲಿನ ದಿನಗಳಲ್ಲಿ ತೆಲುಗು ಹೆಂಗಸರ ಜೊತೆ ಭತ್ತ ನಾಟಿಗೆ ಹೋಗಿ ನಾನೂ ಒಂದಿಷ್ಟು ತೆಲುಗು ಕಲಿತೆ. ಬದುವಿನ ಮೇಲೆ ಬುತ್ತಿ ಬಿಚ್ಚುವಾಗ ಆ ಮಾತನ್ನು ಅವರ ಬಾಯಿಂದ ಎಷ್ಟು ಸಲ ಕೇಳಿದ್ದೇನೆ. ಆದರೆ ಬಾವಿ ಸಿನಿಮಾದಲ್ಲಿ ಅದು ಆಕಳಾಗಿ ಕೂತಿತ್ತು, ಹಾಗೇ ಉಳಿದಿತ್ತು. ಕಿವಿಗೆ ಒಮ್ಮೆ ಹೊಕ್ಕದ್ದನ್ನು ಯಾರು ತೆಗೆದು ತಿರುಗಿಸಿ ನೋಡುತ್ತಾರೆ?

ಮೊಮ್ಮಗಳು ಮೊಬೈಲು ತೆಗೆದು, ಮಾಸ್ತರರು ಹೇಳಿದ ಹೆಸರು ಹಾಕಿ ಆ ಸಿನಿಮಾ ಹುಡುಕಿದಳು. ಬಾವಿ ಬಂತು, ನನ್ನ ಒದ್ದೆ ಸೀರೆಯವಳು ಬಂದಳು. ನೆನಪಿಗಿಂತ ವಯಸ್ಸಿನಲ್ಲಿ ಸಣ್ಣವಳು. ಬಾಯಿ ತೆರೆದಳು. "ಆಕಲಿ" ಎಂದಳು. ಎಷ್ಟು ಸ್ಪಷ್ಟ. ಅವಳು ತಪ್ಪಾಗಿ ಹೇಳಿರಲಿಲ್ಲ, ಟೆಂಟಿನ ಒಡಕು ಸ್ಪೀಕರು ಮತ್ತು ನಾನು ಕೂಡಿ ಅದನ್ನು ಹಾಗೆ ಮಾಡಿದ್ದೆವು. ಮೊಮ್ಮಗಳು ಸಿನಿಮಾವನ್ನು ಸರಸರ ಹಿಂದೆ ಮುಂದೆ ಸರಿಸಿ ಮದುವೆ, ಅಂಗಳ, ಹಿತ್ತಲು ಎಲ್ಲ ತೋರಿಸಿದಳು. ಇಡೀ ಸಿನಿಮಾದಲ್ಲಿ ಆಕಳಿನ ಬಾಲವೂ ಇರಲಿಲ್ಲ.

ಹತ್ತಿ ಹೊಲದ ಹೆಂಗಸರೆಲ್ಲ ಕಣ್ಣ ಮುಂದೆ ಬಂದರು. ದೆವ್ವದ ಸಿನಿಮಾದಲ್ಲಿ ನನ್ನ ಮಾತೇ ಕೊನೆ ಎಂದು ಮೆರೆದವಳು ನಾನು. ಪಕ್ಕದಲ್ಲಿ ಮೊಮ್ಮಗಳು ತಲೆ ಕೆಳಗೆ ಹಾಕಿ ನಿಂತಿದ್ದಳು. ಅವಳ ಕಡೆ ನೋಡಿದ ಮೇಲೆ ನನ್ನ ದೊಡ್ಡಸ್ತಿಕೆಯನ್ನು ಪಕ್ಕಕ್ಕೆ ಇಡಲಿಕ್ಕೆ ಹೊತ್ತು ಹಿಡಿಯಲಿಲ್ಲ. ಸಭಾಂಗಣಕ್ಕೆಲ್ಲ ಕೇಳುವ ಹಾಗೆ ಹೇಳಿದೆ:

"ಎಲ್ಲಾರು ಕೇಳ್ರಿ. ಈ ಸಿನಿಮಾ ನನಗ ತಿಳಿದಿಲ್ಲ. ಆ ಹೊತ್ತಿಗಿ ನನಗ ತೆಲುಗು ಬರ್ತಿದ್ದಿಲ್ಲ. ಮಾಸ್ತರ್ರು ನೋಡಿದ್ದು ಹಸಿವಿನ ಕಥಿ, ನಾ ನೋಡಿದ್ದು ಆಕಳ ಕಥಿ. ನನ್ನ ಮೊಮ್ಮಗಳು ಸಿನಿಮಾ ಕಥಿ ಹೇಳಿದ್ರ, ಆಕಳ ತೋರಸ್ರಿ. ಆಕಳ ಇಲ್ಲಂದ್ರ ಅದು ನಮ್ಮನಿ ಕಥಿ."

ಮಾಸ್ತರರು ಸೋಲುವವರಲ್ಲ. "ಹಂಗಾರ ಆ ಆಕಳ ಹೆಂಗಿತ್ತು ಹೇಳ್ರಿ ನೋಡೂಣು" ಎಂದರು.

"ಕೆಂದ ಆಕಳ್ರಿ. ಹಣಿ ಮ್ಯಾಲ ರೊಟ್ಟಿಯಷ್ಟು ಬಿಳಿ ಮಚ್ಚಿ. ಎಡಗಿವಿ ಸೀಳಿತ್ತು. ಹಿಂಡುವಾಗ ಒದಿತಿತ್ತು, ನಾ ಹಿಂಡಿದ್ರ ಒದಿತಿದ್ದಿಲ್ಲ."

"ಇಷ್ಟೆಲ್ಲ ಎಲ್ಲಿ ನೋಡಿದ್ರಿ?"

"ನಮ್ಮ ತವರಿನ್ಯಾಗ" ಎಂದೆ. ಎಂದ ಮೇಲೆ ಗೊತ್ತಾಯಿತು ಏನು ಹೇಳಿದೆ ಎಂದು. ನಾನು ಮಾನ್ವಿಯ ಬಸ್ಸು ಹತ್ತುವಾಗ ಆ ಆಕಳು ಹಗ್ಗ ಜಗ್ಗಿಕೊಂಡು ನಿಂತಿದ್ದನ್ನು ಯಾರಿಗೂ ಹೇಳಿರಲಿಲ್ಲ, ಮನೆಯವರಿಗೂ ಹೇಳಿರಲಿಲ್ಲ.

ಮೂವರು ತೀರ್ಪುಗಾರರು ತಲೆ ಕೂಡಿಸಿ ಮಾತಾಡಿದರು. ಅವರಲ್ಲಿ ಒಬ್ಬ ಮೇಡಂ ಮೂಗು ಒರೆಸಿಕೊಳ್ಳುತ್ತಿದ್ದರು. ಕಡೆಗೆ ಮೈಕು ಹಿಡಿದವರು ಮಾಸ್ತರರೇ. "ಬಾವಿ ಸಿನಿಮಾದ್ದು. ಆಕಳ ಇವರದು. ಕಥಿ ಆಕಳಿನ ಮ್ಯಾಲ ನಿಂತದ. ಮನಿ ಕಥಿ ಅಂತ ಒಪ್ಪಿಕೊಂಡೀವಿ" ಎಂದರು. ಸಂಜೆ ಹೆಸರು ಓದಿದಾಗ ನನ್ನ ಮೊಮ್ಮಗಳದು ಎರಡನೆಯದು. ಮೊದಲನೆಯದು ಬರಬೇಕಿತ್ತು, ಆದರೆ ಧಾರವಾಡಕ್ಕೆ ಹೋಗಲಿಕ್ಕೆ ಎರಡನೆಯದೂ ಸಾಕು. ಹೆಸರು ಕೂಗಿದಾಗ ಅವಳು ಕೈ ಎತ್ತಲಿಲ್ಲ. "ಬಂದೆ ರೀ" ಎಂದು ಸಭಾಂಗಣದ ಆ ತುದಿಗೂ ಕೇಳುವ ಹಾಗೆ ಕೂಗಿದಳು.

ಬಸ್ ಸ್ಟ್ಯಾಂಡಿನವರೆಗೆ ನನ್ನನ್ನು ಕಳಿಸಲಿಕ್ಕೆ ಬಂದಳು. ದಾರಿಯಲ್ಲಿ ನಿಂತು, ಏನೋ ಲೆಕ್ಕ ಹಾಕಿದವಳಂತೆ ಕೇಳಿದಳು.

"ಯವ್ವಾ, ನೀ ಹಿಂದಿ ದೆವ್ವದ ಸಿನಿಮಾನೂ ಭಾಳ ಹೇಳಿಯಲ್ಲ. ಆಗ ನಿನಗ ಹಿಂದಿ ಬರ್ತಿತ್ತೇನು?"

"ಎಲ್ಲಿ ಬರ್ತದ ಬೇ."

"ಹಂಗಾರ ಅವೂ ಎಲ್ಲ ನಮ್ಮನಿ ಕಥಿ..."

"ಇಂಗ್ಲಿಷಿನವೂ ನಾಕು ಅದಾವ" ಎಂದೆ.