ಲವೀನಾ ಟೀಚರ್ ಇಲ್ಲದ ಗುರುವಾರ

ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ಸತ್ತವರು ಬಂದು ಮಾತಾಡಿದ ಕತೆ ತೆಗೆದರೆ ನಾನು ತಲೆ ಎತ್ತದೆ ಮಕ್ಕಳ ಪುಸ್ತಕ ತಿದ್ದುತ್ತ ಕೂರುತ್ತಿದ್ದೆ. ಕಾರ್ಕಳದ ನಮ್ಮ ಮನೆಯಲ್ಲಿ ಇಂದಿಗೂ ಮನೆ ಕಾಯುವ ಭೂತಕ್ಕೆ ತಂಬಿಲದ ಪೂಜೆ ನಡೆಯುತ್ತದೆ, ಊರಿನಲ್ಲಿದ್ದರೆ ನಾನೂ ಕೈಮುಗಿದು ನಿಲ್ಲುತ್ತೇನೆ. ಅದು ಹಿರಿಯರಿಗೆ ಸಲ್ಲಿಸುವ ಮರ್ಯಾದೆ, ಅದಕ್ಕಿಂತ ಹೆಚ್ಚೇನಿಲ್ಲ ಎಂದೇ ತಿಳಿದಿದ್ದೆ.

ಈಗ ಹೇಳಹೊರಟಿರುವುದನ್ನು ನೀವು ನಂಬಬೇಕೆಂಬ ಹಟ ನನಗಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಇದು ನಡೆದದ್ದು ಕತ್ತಲಲ್ಲೂ ಅಲ್ಲ, ನಾನು ಒಬ್ಬಳೇ ಇದ್ದಾಗಲೂ ಅಲ್ಲ. ದುಬೈಯ ಒಂದು ಶಾಲೆಯಲ್ಲಿ, ಬಿಸಿಲು ಕಣ್ಣು ಕುಕ್ಕುವ ಹೊತ್ತಿನಲ್ಲಿ, ತರಗತಿ ತುಂಬ ಮಕ್ಕಳಿರುವಾಗ.

ಲವೀನಾ ನಮ್ಮ ಶಾಲೆಯ ಎರಡನೇ ತರಗತಿಯ ಟೀಚರ್. ಕಿನ್ನಿಗೋಳಿ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು. ನಾನು ನಾಲ್ಕನೇ ತರಗತಿಗೆ ಗಣಿತ ಕಲಿಸುತ್ತಿದ್ದೆ. ಇಬ್ಬರ ಮನೆಯೂ ಡಿಸ್ಕವರಿ ಗಾರ್ಡನ್ಸ್‌ನ ಒಂದೇ ಕಟ್ಟಡದಲ್ಲಿ, ಹೋಗಿಬರುವುದು ಒಂದೇ ಸ್ಕೂಲ್ ಬಸ್ಸಿನಲ್ಲಿ. ಬಸ್ಸಿನಲ್ಲಿ ನಮ್ಮಿಬ್ಬರದು ತುಳು, ಕನ್ನಡ ಎರಡೂ ಕಲಸಿದ ಮಾತು. ಅವಳ ಗಂಡ ಆಲ್ವಿನ್ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಒಬ್ಬಳೇ ಮಗಳು ರಿಯೋನಾ ನಮ್ಮ ಶಾಲೆಯಲ್ಲೇ ಐದನೇ ತರಗತಿ ಓದುತ್ತಿದ್ದಳು. ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ, ತಾಯಿಯನ್ನು ಬಿಟ್ಟು ಅರೆಗಳಿಗೆ ಇರಲಾರದ ಹುಡುಗಿ.

ಆ ವರ್ಷ ನಮ್ಮ ಪ್ರಿನ್ಸಿಪಾಲರು ಲವೀನಾಳನ್ನು ಪೋರ್ಚುಗಲ್ಲಿನ ಒಂದು ಸಣ್ಣ ಊರಿಗೆ ಶಿಕ್ಷಕರ ತರಬೇತಿಗೆ ಕಳಿಸಲು ನಿರ್ಧರಿಸಿದರು. ಆಟ, ಅಭಿನಯಗಳ ಮೂಲಕ ಪುಟ್ಟ ಮಕ್ಕಳಿಗೆ ಭಾಷೆ ಕಲಿಸುವ ಕೋರ್ಸು. ಅಲ್ಲಿಗೆ ಬರುವವರೆಲ್ಲ ಹೆಚ್ಚುಕಡಿಮೆ ಯುರೋಪಿನ ಶಾಲೆಗಳವರೇ. ಶಿಕ್ಷಕರು ದೇಶದಿಂದ ದೇಶಕ್ಕೆ ಹೋಗಿ ಕಲಿತು ಬರಲಿ ಎಂದು ಯುರೋಪಿಯನ್ ಒಕ್ಕೂಟವೇ ಅನುದಾನ ಕೊಡುತ್ತದಂತೆ. ಹೊರಗಿನವರಿಗೂ ಒಂದೆರಡು ಜಾಗ ಇಟ್ಟಿರುತ್ತಾರೆ. ಅವರ ಖರ್ಚು ಅವರವರ ಶಾಲೆಯದು. ಲವೀನಾಳಿಗೆ ಸಿಕ್ಕಿದ್ದು ಅಂಥದ್ದೊಂದು ಜಾಗ.

ಸುದ್ದಿ ತಿಳಿದ ದಿನ ಬಸ್ಸಿನಲ್ಲಿ ಅವಳು ನನ್ನ ಮೊಣಕೈ ಹಿಡಿದು ಕೇಳಿದಳು. "ನನ್ನ ಇಂಗ್ಲಿಷ್ ಸಾಕಾ ಮಾರಾಯ್ತಿ? ಅವರ ಎದುರು ಎಂತ ಮಾತಾಡ್ಲಿ ನಾನು?"

"ನಿನ್ನ ಹತ್ರ ಮಾತು ಮುಗಿಯುವುದುಂಟಾ?" ಎಂದೆ. ಬಸ್ಸು ಇಳಿಯುವವರೆಗೂ ನಕ್ಕಳು.

ಅಲ್ಲಿ ಚಳಿಯಂತೆ, ದುಬೈಯಲ್ಲಿ ಸ್ವೆಟರ್ ಇಟ್ಟುಕೊಂಡವರು ಯಾರು? ಕರಾಮ ಪೇಟೆಯಲ್ಲಿ ಅಂಗಡಿ ಅಂಗಡಿ ಅಲೆದು ಹಸಿರು ಬಣ್ಣದ್ದೊಂದನ್ನು ಆರಿಸಿದೆವು. ಆಮೇಲೆ ಅಲ್ಲೇ ಒಂದು ಮಂಗಳೂರು ಹೋಟೆಲಿಗೆ ನುಗ್ಗಿ ನೀರುದೋಸೆ ತಿಂದೆವು. ಊರು ಮತ್ತು ದುಬೈ ಬಿಟ್ಟು ಮೂರನೆಯ ಜಾಗ ಅವಳು ಕಂಡಿರಲಿಲ್ಲ. ನವೆಂಬರಿನಲ್ಲಿ ಏರ್‌ಪೋರ್ಟಿಗೆ ಹೊರಟಾಗ ರಿಯೋನಾ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. "ಬೇಗ ಬರ್ತೇನೆ ಪುತಾ, ಮೊದಲು ನಿನ್ನ ಹತ್ರವೇ ಬರ್ತೇನೆ" ಎಂದು ಲವೀನಾ ಮತ್ತೆ ಮತ್ತೆ ಹೇಳುತ್ತಿದ್ದಳು.

ಇಂಟರ್ನೆಟ್ ಕರೆಗಳು ಇಲ್ಲಿಗೆ ಸರಿಯಾಗಿ ಬರುವುದಿಲ್ಲ. ಹಾಗಾಗಿ ಅವಳು ಮೊಬೈಲಿನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಒಂದೊಂದರಲ್ಲೂ ಉಸಿರು ಕಟ್ಟುವಷ್ಟು ಸಂಭ್ರಮ. "ಕೇಳಿಲ್ಲಿ, ಇವರು ಮೇಜಿಗೆ ಮೇಜಾ ಅಂತಾರೆ, ಸಾಬೂನಿಗೂ ಹತ್ರ ಹತ್ರ ನಮ್ಮದೇ ಶಬ್ದ! ನಮ್ಮಜ್ಜಿ ಇಲ್ಲಿ ಬಂದಿದ್ರೆ ಅಂಗಡಿಗೆ ಹೋಗಿ ಬದುಕ್ತಿದ್ರು." ಪೋಲೆಂಡಿನ ಮಾರ್ತಾ ಎಂಬ ಟೀಚರ್ ಅವಳಿಗೆ ಜೊತೆಯಾಗಿದ್ದಳು. "ಮಾರ್ತಾ ಹೀಗೆ ಕಲಿಯುವುದಕ್ಕೆ ಬೇರೆ ದೇಶಕ್ಕೆ ಬರುವುದು ಇದು ಮೂರನೇ ಸಲವಂತೆ. ನಾವು ಇಷ್ಟು ವರ್ಷ ಕಲಿಸಿದೆವಲ್ಲ, ನೀನೂ ಸ್ವಲ್ಪ ಕಲಿ ಅಂತ ನಮಗೆ ಯಾರೂ ಹೇಳ್ಲಿಲ್ಲ ನೋಡು."

ಬುಧವಾರ ಸಂಜೆ ಬಂದದ್ದು ಅವಳ ಕೊನೆಯ ಮೆಸೇಜು. ದಿನಾ ಬೆಳಿಗ್ಗೆ ಒಬ್ಬೊಬ್ಬರು ಯಾವುದಾದರೂ ಹೊಸ ಆಟದಿಂದ ತರಗತಿ ಆರಂಭಿಸಬೇಕಂತೆ, ಮರುದಿನದ ಸರದಿ ಅವಳದು. "ಎಂತ ಆಡಿಸುವುದಂತ ಇನ್ನೂ ಗೊತ್ತಿಲ್ಲ. ಬೆಳಿಗ್ಗೆ ದೇವರು ಏನಾದ್ರೂ ತಲೆಗೆ ಹಾಕ್ತಾನೆ. ಬಂದು ಹೇಳ್ತೇನೆ, ಆಯ್ತಾ?"

ಆಗೆಲ್ಲ ಇಲ್ಲಿ ಶುಕ್ರವಾರ, ಶನಿವಾರ ರಜೆ. ಹಾಗಾಗಿ ಗುರುವಾರದ ಕೊನೆಯ ಪೀರಿಯಡ್ಡು ಎಂದರೆ ಮಕ್ಕಳ ಮೈಯಲ್ಲಿ ಜ್ವರ ಬಂದ ಹಾಗೆ. ಲವೀನಾಳ ಬದಲಿಗೆ ಅಂದು ಎರಡನೇ ತರಗತಿಗೆ ಹೋದವಳು ನಾನು. ಚಿತ್ರ ಬರೆಯಿರಿ ಎಂದು ಹಾಳೆ ಹಂಚಿ ಕೂತೆ. ನಮ್ಮಲ್ಲಿ ಮಧ್ಯಾಹ್ನ ಕಳೆದಿತ್ತು. ಪೋರ್ಚುಗಲ್ಲಿನಲ್ಲಿ ಆಗಿನ್ನೂ ಬೆಳಿಗ್ಗೆ.

ಗದ್ದಲ ತಟ್ಟನೆ ನಿಂತಿತು. ಇದನ್ನು ನಾನು ಮೊದಲು ಗಮನಿಸಿದೆ, ಏಕೆಂದರೆ ಆ ವಯಸ್ಸಿನ ಮಕ್ಕಳು ಒಟ್ಟಿಗೆ ಸುಮ್ಮನಾಗುವುದೇ ಇಲ್ಲ. ತಲೆ ಎತ್ತಿ ನೋಡಿದರೆ ಎಲ್ಲರೂ ಎದ್ದಿದ್ದರು. ಮಾತಿಲ್ಲದೆ, ತಳ್ಳಾಟವಿಲ್ಲದೆ ಡೆಸ್ಕುಗಳನ್ನು ಗೋಡೆಗೆ ಸರಿಸಿದರು. ದುಂಡಗೆ ನಿಂತರು.

"ಯಾರು ಹೇಳಿದ್ದು ಇದನ್ನೆಲ್ಲ ಮಾಡ್ಲಿಕ್ಕೆ?" ಎಂದು ಇಂಗ್ಲಿಷಿನಲ್ಲಿ ಗದರಿದೆ.

ಹಿಬಾ ಎಂಬ ಹುಡುಗಿ, ಕೋಯಿಕ್ಕೋಡಿನವಳು, ನನ್ನತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. "ಶ್... ಮ್ಯಾಮ್, ಇಟ್ಸ್ ಸ್ಲೀಪಿಂಗ್."

ಏನೋ ಮಲಗಿದೆ. ಯಾವುದು ಎಂದು ಹೇಳಲಿಲ್ಲ. ಬೋರ್ಡಿನ ಹತ್ತಿರ ನಿಂತಿದ್ದ ಒಂದು ಮಗು ಬೊಗಸೆಯಲ್ಲಿ ಏನನ್ನೋ ಹಿಡಿದಂತೆ ಮಾಡಿ, ಅದನ್ನು ಮೆಲ್ಲಗೆ ಸವರಿ, ಬಗ್ಗಿ ಪಿಸುಗುಟ್ಟಿ, ಪಕ್ಕದ ಮಗುವಿನ ಬೊಗಸೆಗೆ ದಾಟಿಸಿತು. ಅದು ಇನ್ನೊಂದಕ್ಕೆ. ಕೈಗಳಲ್ಲಿ ಏನೂ ಇರಲಿಲ್ಲ. ಲವೀನಾ ಹೋಗುವ ಮೊದಲು ಕಲಿಸಿಕೊಟ್ಟ ಆಟವಿರಬೇಕು ಎಂದುಕೊಂಡೆ. ಚಂದ ಉಂಟಲ್ಲ ಎಂದು ನಗುವೂ ಬಂತು.

ಹಿಬಾ ನನ್ನ ಕೈ ಹಿಡಿದೆಳೆದು ತನ್ನ ಪಕ್ಕ ನಿಲ್ಲಿಸಿಕೊಂಡಳು. ನನ್ನ ಇನ್ನೊಂದು ಬದಿಗೆ, ಬೋರ್ಡಿನ ಎದುರು, ಒಬ್ಬರು ನಿಲ್ಲುವಷ್ಟು ಜಾಗ ಖಾಲಿಯಿತ್ತು. ಹತ್ತಿರ ಬಂದು ಜಾಗ ತುಂಬಿಸಿ ಎಂದೆ. ಆಚೆ ಬದಿಯ ಮಗು ಕದಲಲಿಲ್ಲ. "ಲವೀನಾ ಮ್ಯಾಮ್ ಇಸ್ ದೇರ್" ಎಂದಿತು, ಇಲ್ಲಿ ನೀರಿನ ಬಾಟಲಿ ಇದೆ ಎನ್ನುವಷ್ಟು ಸಹಜವಾಗಿ.

ಹಿಬಾಳ ಬೊಗಸೆ ನನ್ನ ಕೈಗಳ ಮೇಲೆ ಬಂತು. ಇಲ್ಲಿಂದ ಮುಂದೆ ನಾನು ಹೇಳುವುದನ್ನು ಆಣೆ ಇಟ್ಟು ಹೇಳಬಲ್ಲೆ, ರುಜುವಾತು ಕೊಡಲಾರೆ. ನನ್ನ ಅಂಗೈಯಲ್ಲಿ ಭಾರವಿತ್ತು. ಕೋಳಿಗಳ ನಡುವೆ ಬೆಳೆದವಳು ನಾನು. ಆಗತಾನೆ ಮೊಟ್ಟೆಯೊಡೆದು ಬಂದ ಮರಿ ಕೈಯಲ್ಲಿ ಹೇಗಿರುತ್ತದೆಂದು ನನಗೆ ಗೊತ್ತು, ಆ ಬೆಚ್ಚಗಿನ, ಎದೆ ಡವಗುಟ್ಟುವ, ಇದೆಯೋ ಇಲ್ಲವೋ ಎನ್ನುವಷ್ಟು ಹಗುರ ಜೀವ. ಅದೇ ಇತ್ತು. ಕಣ್ಣಿಗೆ ಮಾತ್ರ ನನ್ನ ಖಾಲಿ ಕೈಗಳು.

"ಗಿವ್ ಇಟ್ ಟು ಹರ್" ಎಂದಳು ಹಿಬಾ.

ನಾನು ಆ ಖಾಲಿ ಜಾಗದ ಕಡೆ ಕೈ ಚಾಚಿದೆ. ಭಾರ ಹೋಯಿತು. ಬಿದ್ದಂತೆ ಅಲ್ಲ, ಯಾರೋ ಜೋಪಾನವಾಗಿ ಎತ್ತಿಕೊಂಡಂತೆ. ಮಕ್ಕಳೆಲ್ಲ ಒಂದೇ ಸ್ವರದಲ್ಲಿ, "ದೇವ್ ಬರೆಂ ಕರುಂ" ಎಂದರು. ದೇವರು ಒಳ್ಳೆಯದು ಮಾಡಲಿ. ಕೊಂಕಣಿ ಕ್ರಿಶ್ಚಿಯನ್ನರು ಧನ್ಯವಾದಕ್ಕೆ ಹೇಳುವ ಮಾತು. ಆ ತರಗತಿಯಲ್ಲಿ ಕೊಂಕಣಿ ಬಲ್ಲ ಒಂದು ಮಗುವೂ ಇರಲಿಲ್ಲ.

ಅಷ್ಟರಲ್ಲಿ ಬೆಲ್ಲಾಯಿತು. ಮಕ್ಕಳು ಕೂಗುತ್ತ ಬ್ಯಾಗುಗಳಿಗೆ ನುಗ್ಗಿದರು, ಎಂದಿನ ಗುರುವಾರದ ಮಕ್ಕಳಾದರು.

ಸಂಜೆ ಆಲ್ವಿನ್ ನಮ್ಮ ಮನೆಯ ಬಾಗಿಲು ಬಡಿದರು. ಒಳಗೆ ಬರಲಿಲ್ಲ. "ಟೀಚರ್, ಲವೀನಾ..." ಎಂದವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಬೆಳಗಿನ ತರಗತಿ ಆರಂಭವಾದ ಹೊತ್ತಿಗೆ ಅವಳು ಕುಸಿದು ಕೂತಿದ್ದಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಆಸ್ಪತ್ರೆ ತಲುಪುವಾಗ ಎಲ್ಲ ಮುಗಿದಿತ್ತು.

ಮುಂದಿನ ದಿನಗಳನ್ನು ಬಿಡಿಸಿ ಬರೆಯಲಾರೆ. ಕಾಗದಪತ್ರಗಳು ಮುಗಿದು ಅವಳ ದೇಹ ಊರು ಸೇರಲು ತುಂಬ ತಡವಾಯಿತು. ಆಲ್ವಿನ್ ಮತ್ತು ರಿಯೋನಾ ಇಲ್ಲಿಂದ ಮಂಗಳೂರಿಗೆ ಹೋಗಿ ಕಾದರು. ಹುಡುಗಿಯ ಬಟ್ಟೆ ಮಡಚಿ ತುಂಬಿದವಳು ನಾನೇ. ಅವಳು ಅಳಲಿಲ್ಲ. "ಶಿ ಸೆಡ್ ಶಿ ವಿಲ್ ಕಮ್ ಟು ಮಿ ಫಸ್ಟ್" ಎಂದು ಒಮ್ಮೆ ಹೇಳಿದಳು, ಅಷ್ಟೆ. ಕ್ರಿಯೆಯೆಲ್ಲ ಮುಗಿದ ಮೇಲೆ ಅವಳನ್ನು ಕಿನ್ನಿಗೋಳಿಯಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಆಲ್ವಿನ್ ಒಬ್ಬರೇ ಕೆಲಸಕ್ಕೆ ಮರಳಿದರು.

ತರಗತಿಯಲ್ಲಿ ನಡೆದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮಕ್ಕಳ ಆಟ, ನನ್ನ ಭ್ರಮೆ ಎಂದು ಒಳಗೇ ಮುಚ್ಚಿಟ್ಟಿದ್ದೆ. ಕೆಲವು ತಿಂಗಳ ಮೇಲೆ ಮಾರ್ತಾ ಬಂದಳು. ಎಲ್ಲಿಗೋ ರಜೆಗೆ ಹೊರಟಿದ್ದವಳು ದುಬೈಯಲ್ಲಿ ಇಳಿದು ಆಲ್ವಿನ್ ಅವರನ್ನು ಹುಡುಕಿಕೊಂಡು ಬಂದಿದ್ದಳು. ಜೊತೆಗಿರಲೆಂದು ಅವರು ನನ್ನನ್ನೂ ಕರೆದರು. "ಕೊನೆಯ ಗಳಿಗೆಯಲ್ಲಿ ಲವೀನಾಳ ಪಕ್ಕದಲ್ಲಿದ್ದವಳು ನಾನು, ಮನೆಯವರನ್ನು ಕಾಣದೆ ಹೇಗಿರಲಿ?" ಎಂದು ಮಾರ್ತಾ ಕಣ್ಣೊರೆಸಿಕೊಂಡಳು.

ಆಮೇಲೆ ಹೇಳಿದಳು. ಲವೀನಾ ಎಲ್ಲರನ್ನೂ ದುಂಡಗೆ ನಿಲ್ಲಿಸಿದ್ದಳು. ನಿಮ್ಮ ಕೈಯಲ್ಲಿ ಈಗಷ್ಟೇ ಹುಟ್ಟಿದ ಕೋಳಿಮರಿ ಮಲಗಿದೆ, ಎಬ್ಬಿಸದೆ ಪಕ್ಕದವರಿಗೆ ಕೊಡಿ ಎಂದಿದ್ದಳು. ಮರಿ ಸುತ್ತು ಮುಗಿಸಿ ಅವಳ ಬಳಿ ಬಂದಾಗ ಎರಡೂ ಕೈಯಲ್ಲಿ ತೆಗೆದುಕೊಂಡು ನಕ್ಕಳು. ತನ್ನ ಭಾಷೆಯಲ್ಲಿ ಏನೋ ಅಂದಳು. ದಣಿದವಳಂತೆ ನೆಲದ ಮೇಲೆ ಕೂತಳು. "ಆ ಮಾತು ಏನೆಂದು ನಿಮ್ಮನ್ನು ಕೇಳಬೇಕಿತ್ತು. ದೇವ್... ದೇವ್ ಬೊರೆ..." ಎಂದು ಮಾರ್ತಾ ತಡವರಿಸಿದಳು.

ಉಳಿದದ್ದು ನನ್ನ ಬಾಯಿಂದ ಬಂತು. ಆಲ್ವಿನ್ ನನ್ನ ಮುಖವನ್ನೇ ನೋಡಿದರು.

ಮಾರ್ತಾಳನ್ನು ಟ್ಯಾಕ್ಸಿ ಹತ್ತಿಸಿದ ಮೇಲೆ ಅವರಿಗೆ ಎಲ್ಲ ಹೇಳಿದೆ. ಆಲ್ವಿನ್, "ಹೋಗುವ ಮೊದಲೇ ಮಕ್ಕಳಿಗೆ ಕಲಿಸಿದ್ದಳೋ ಏನೋ" ಎಂದರು. ಆಮೇಲೆ, "ಟೀಚರ್, ಇದು ರಿಯೋನಾಗೆ ಗೊತ್ತಾಗುವುದು ಬೇಡ. ಮಮ್ಮಿ ಕ್ಲಾಸಿಗೆ ಬಂದ್ಳು, ನನ್ನ ಹತ್ರ ಬರ್ಲಿಲ್ಲ ಅಂತ ಆಗ್ತದೆ ಅವಳಿಗೆ" ಎಂದರು.

ನಾನೂ ಅದನ್ನೇ ಯೋಚಿಸಿದ್ದೆ, ಮೊದಲೇ ಕಲಿಸಿದ್ದಳೇನೋ ಎಂದು. ಆದರೆ ಬುಧವಾರ ಸಂಜೆಯವರೆಗೆ ಅವಳಿಗೇ ಆಟ ಗೊತ್ತಿರಲಿಲ್ಲವಲ್ಲ? ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಕೇಳಿದೆ, ಈ ಆಟ ಮೊದಲು ಆಡಿದ್ದಿರಾ ಎಂದು. ಕೆಲವರು ಮರೆತಿದ್ದರು. ಹಿಬಾ ಮಾತ್ರ, "ನೋ ಮ್ಯಾಮ್, ದಟ್ ಡೇ ಓನ್ಲಿ" ಎಂದಳು. ಲವೀನಾ ಮ್ಯಾಮ್ ನಿನಗೆ ಕಂಡರಾ ಎಂದರೆ, ಇದೆಂಥ ಪ್ರಶ್ನೆ ಎಂಬಂತೆ ನೋಡಿದಳು. "ಯು ಆಲ್ಸೋ ಗೇವ್ ಹರ್, ನೊ?" ಹೌದು, ನಾನೂ ಕೊಟ್ಟಿದ್ದೆ. ಲವೀನಾಳ ಹಳೆಯ ಮೆಸೇಜುಗಳನ್ನೆಲ್ಲ ಮತ್ತೆ ಕೇಳಿದೆ. ಆ ಆಟದ ಸುಳಿವು ಎಲ್ಲೂ ಇರಲಿಲ್ಲ. ಲೆಕ್ಕ ಕಲಿಸುವವಳು ನಾನು, ಉತ್ತರ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದು ಹಿಂದಕ್ಕೆ ಹೋಗಿ ಹುಡುಕುವುದು ಅಭ್ಯಾಸ. ಇದರಲ್ಲಿ ಎಷ್ಟು ಹಿಂದಕ್ಕೆ ಹೋದರೂ ನನಗೆ ಏನೂ ಸಿಕ್ಕಿಲ್ಲ.

ವರ್ಷಗಳು ಕಳೆದವು. ಆಲ್ವಿನ್ ಅಬುಧಾಬಿಯ ಹೋಟೆಲಿಗೆ ಸೇರಿ ಅಲ್ ರೀಮ್ ಐಲ್ಯಾಂಡಿನಲ್ಲಿ ಮನೆ ಮಾಡಿದರು. ಪಿಯುಸಿ ಮುಗಿಸಿದ ರಿಯೋನಾ ಆ ಬೇಸಿಗೆಯಲ್ಲಿ ತಂದೆಯ ಬಳಿ ಬಂದಿದ್ದಾಳೆಂದು ತಿಳಿದು ನೋಡಲು ಹೋದೆ. ಎತ್ತರ ಬೆಳೆದಿದ್ದಳು, ಹಣೆ ಥೇಟ್ ತಾಯಿಯದು. ಕಿನ್ನಿಗೋಳಿಯಲ್ಲಿ ಬೆಳೆದು ಈಗ ನಮ್ಮಂತೆಯೇ ಕನ್ನಡ ಮಾತಾಡುತ್ತಿದ್ದಳು. ಆಲ್ವಿನ್ ಏನೋ ತರಲು ಕೆಳಗಿಳಿದಾಗ ಅವಳು ನನ್ನ ಎದುರು ಬಂದು ಕೂತಳು.

"ಆಂಟಿ, ಮಮ್ಮಿ ಆ ದಿನ ಸ್ಕೂಲಿಗೆ ಬಂದಿದ್ರಂತೆ. ನಾನೀಗ ದೊಡ್ಡವಳಾದೆನಲ್ಲ, ಪಪ್ಪ ನಿನ್ನೆ ಹೇಳಿದ್ರು."

ನಾನು ತಲೆಯಾಡಿಸಿದೆ. ಎಲ್ಲವನ್ನೂ, ಇಲ್ಲಿ ಬರೆದಷ್ಟನ್ನೇ, ಹೆಚ್ಚಿಸದೆ ಕಡಿಮೆ ಮಾಡದೆ ಹೇಳಿದೆ. ಅವಳು ಹೆದರಲೂ ಇಲ್ಲ, ಸುಳ್ಳೆಂದು ತಳ್ಳಿಹಾಕಲೂ ಇಲ್ಲ. ಕಿಟಕಿಯಾಚೆಯ ಸಮುದ್ರ ನೋಡುತ್ತ ಕೂತಿದ್ದಳು.

"ಆಗ ನಮಗೆ ಹಿಂದಿ ಕ್ಲಾಸ್ ಇತ್ತು" ಎಂದಳು. "ನಮ್ಮ ರೂಮು ಅದೇ ಬ್ಲಾಕಿನಲ್ಲಿ ಮೇಲೆ. ಒಂದು ಮೆಟ್ಟಿಲಸಾಲು ಹತ್ತಿದ್ರೆ ಸಿಗ್ತಿದ್ದೆ. ಅವರಿಗೆ ಗೊತ್ತಿತ್ತಲ್ಲ ಆಂಟಿ, ನಾನು ಅಲ್ಲೇ ಇದ್ದದ್ದು?"

ಗೊತ್ತಿತ್ತು ಮಗಾ ಎಂದೆ. ಅವಳ ಎರಡೂ ಕೈಗಳನ್ನು ನನ್ನ ಬೊಗಸೆಯಲ್ಲಿ ಹಿಡಿದುಕೊಂಡೆ.