ಬರೆಯುವ ಕೈಗೆ ಸೂಜಿ ಬೇಡ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಕ್ಕಳ ಕ್ಯಾನ್ಸರ್ ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದು, ಮಾಸ್ಕ್ ಕಟ್ಟಿಕೊಂಡು ಮೇಷ್ಟ್ರು ಒಳಗೆ ಬರುತ್ತಾರೆ. ಜೇಬಿನ ತುಂಬ ಕೆಂಪು ರಿಬ್ಬನ್ನಿನ ತುಂಡುಗಳು. ಸಿಸ್ಟರ್ ಡ್ರಿಪ್ಪಿನ ಟ್ರಾಲಿ ತಳ್ಳಿಕೊಂಡು ಬರುವಷ್ಟರಲ್ಲಿ ಪ್ರತಿ ಮಗುವಿನ ಬರೆಯುವ ಕೈಗೆ ಒಂದೊಂದು ಕಟ್ಟಿ ಮುಗಿಸಬೇಕು. ರಿಬ್ಬನ್ ಇರುವ ಕೈಗೆ ಸೂಜಿ ಚುಚ್ಚುವಂತಿಲ್ಲ. ಅದು ಮೇಷ್ಟ್ರ ಆಸ್ತಿ!

"ಮದುವೆಯಾಗಿ ಇಷ್ಟು ವರ್ಷ ಆಯ್ತು, ನಂಗೊಂದು ರಿಬ್ಬನ್ ತಂದುಕೊಟ್ಟೋರಲ್ಲ" ಎಂದು ಮನೆಯಲ್ಲಿ ಹೆಂಡತಿ ಕಾಲೆಳೆಯುತ್ತಾರೆ.

ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಮೇಷ್ಟ್ರು. ಹಿಂದೊಮ್ಮೆ ಶಿಷ್ಯನೊಬ್ಬನನ್ನು ನೋಡಲು ಇಲ್ಲಿಗೆ ಬಂದಾಗ, ಅವನ ಬಲಗೈಗೇ ಡ್ರಿಪ್ ಹಾಕಿದ್ದರು. ಎದುರಿಗೆ ಪುಸ್ತಕ ತೆರೆದಿದ್ದರೂ ಪೆನ್ಸಿಲ್ ಹಿಡಿಯಲಾಗದೆ ಹುಡುಗ ಸುಮ್ಮನೆ ಕೂತಿದ್ದ. "ಮೊದ್ಲೇ ಹೇಳಿದ್ರೆ ಎಡಗೈಗೆ ಹಾಕ್ತಿದ್ವಲ್ಲ ಸಾರ್" ಅಂದರಂತೆ ಸಿಸ್ಟರ್. ಹೇಳುವವರು ಯಾರು? ಅಂದಿನಿಂದ ಇವರೇ. ಪಾಠ ಹೇಳುವವರೂ ಇವರೇ. ಅಳುಮುಖ ಮಾಡಿದರೂ ಇವರ ಮುಂದೆ ತಪ್ಪು ಲೆಕ್ಕ ತಪ್ಪೇ. "ಕಾಯಿಲೆ ಬಂದಿರೋದು ಮೈಗೆ ಕಣೋ, ತಲೆಗಲ್ಲ. ಇನ್ನೊಂದ್ಸಲ ಮಾಡು."

ಇಂಥ ಮೇಷ್ಟ್ರೂ ಇವತ್ತು ಎಡವಿದ್ದಾರೆ. ನಿನ್ನೆ ಸೇರಿದ ಹತ್ತನೇ ತರಗತಿಯ ಹುಡುಗಿ ಗಾಢ ನಿದ್ದೆಯಲ್ಲಿದ್ದಳು. ಎಬ್ಬಿಸಲು ಮನಸ್ಸು ಬಾರದೆ, ಅಭ್ಯಾಸಬಲದಿಂದ ಬಲಗೈಗೇ ಕಟ್ಟಿಬಿಟ್ಟರು. ಸೂಜಿ ಎಡಗೈಗೆ ಹೋಯಿತು. ಚುಚ್ಚಿದಾಗ ಎದ್ದ ಹುಡುಗಿಯ ಬಲಗೈಗೆ ಪೆನ್ಸಿಲ್ ಕೊಟ್ಟರೆ ಅಂಕಿಗಳೆಲ್ಲ ಸೊಟ್ಟಸೊಟ್ಟ.

"ಕೈ ನಡುಗ್ತಿದ್ಯೇನಮ್ಮಾ?"

ಹುಡುಗಿ ಎಡಗೈಯ ಸೂಜಿಯತ್ತ ನೋಡುತ್ತಾಳೆ. "ಅವಳು ಎಡಚಿ, ಮೇಷ್ಟ್ರೇ. ನೀವೇ ಕಟ್ಟಿದ್ದೀರಿ, ಹೇಗೆ ಹೇಳೋದು ಅಂತ ಸುಮ್ನಿದ್ದಾಳೆ" ಎನ್ನುತ್ತಾರೆ ಆಗಷ್ಟೇ ಹೊರಗಿನಿಂದ ಬಂದ ತಾಯಿ.

ಮೇಷ್ಟ್ರ ಮುಖ ಸಪ್ಪಗಾಗುತ್ತದೆ. ಒಮ್ಮೆ ಹಾಕಿದ ಸೂಜಿ ಮೂರ್ನಾಲ್ಕು ದಿನ ಅಲ್ಲೇ ಇರುತ್ತದೆ. ಗಣಿತ ಪರೀಕ್ಷೆ ನಾಡಿದ್ದು. ವಾರ್ಡಿನಲ್ಲೇ ಬರೆಯಲು ಅನುಮತಿಯೂ ಸಿಕ್ಕಿದೆ. ಚಿಕಿತ್ಸೆಯಿಂದಾಗಿ ಕಳೆದ ವರ್ಷ ಪರೀಕ್ಷೆ ತಪ್ಪಿದ್ದ ಹುಡುಗಿಗೆ, ಈ ಸಲವೂ ಬಿಟ್ಟುಬಿಡು ಎಂದು ನೆಂಟರೆಲ್ಲ ಹೇಳಿಯಾಗಿದೆ.

"ಬಿಡಿ ಸಾರ್, ಮುಂದಿನ ವರ್ಷ ನೋಡೋಣ" ಎಂದು ಅವಳೇ ಅನ್ನುತ್ತಾಳೆ.

"ಬಿಡೋದಾ? ತಪ್ಪು ನಂದು, ವರ್ಷ ನಿಂದು ಹೋಗ್ಬೇಕಾ? ಚೆನ್ನಾಗಿದೆ!" ಮೇಷ್ಟ್ರು ಸಿಸ್ಟರ್ ಹತ್ತಿರ ಓಡಿ, ಸೂಜಿಯನ್ನು ಬಲಗೈಗೆ ಬದಲಿಸಲು ಕೇಳುತ್ತಾರೆ. ಬಲಗೈಯ ನರ ಸಣ್ಣದು, ನೋವಾಗುತ್ತೆ ಎಂದು ಸಿಸ್ಟರ್ ಹಿಂಜರಿಯುತ್ತಾರೆ. ಹುಡುಗಿ ಒಂದು ಕ್ಷಣ ತಾಯಿಯ ಮುಖ ನೋಡಿ, ಬಲಗೈ ಮುಂದೆ ಚಾಚುತ್ತಾಳೆ.

"ಚುಚ್ಚಿ ಸಿಸ್ಟರ್."

ಮೊದಲ ಸಲ ನರ ಸಿಗುವುದಿಲ್ಲ. ಮೇಷ್ಟ್ರು ಕಿಟಕಿಯತ್ತ ತಿರುಗಿ ನಿಲ್ಲುತ್ತಾರೆ. ಎರಡನೇ ಸಲ ಸಿಗುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಹುಡುಗಿ ಎಡಗೈಯಲ್ಲಿ ಸರಸರ ಲೆಕ್ಕ ಬಿಡಿಸುತ್ತಿದ್ದಾಳೆ. ಒಂದು ತಪ್ಪಾಗಿದೆ, ಮೇಷ್ಟ್ರು ಖುಷಿಯಿಂದಲೇ ಬೈಯುತ್ತಾರೆ.

ನಿಮ್ಮ ಆಸೆ ಏನು ಎಂದು ಕೇಳಿದರೆ ಮಾಸ್ಕಿನೊಳಗೇ ನಗುತ್ತಾರೆ. "ದೊಡ್ಡದೇನಿಲ್ಲಪ್ಪ. ನಾಡಿದ್ದು ಪರೀಕ್ಷೆ ಮುಗಿಸಿ, ಪೇಪರ್ ಎಷ್ಟು ಕಷ್ಟ ಇತ್ತು ಅಂತ ಇವಳು ಬಾಯಿತುಂಬಾ ಗೊಣಗ್ಬೇಕು. ಎಲ್ಲಾ ಮಕ್ಕಳೂ ಗೊಣಗ್ತಾರಲ್ಲ, ಹಾಗೆ."